ಎಲ್ಲಿಗೆ ಬಂದಿತ್ತು ಮಾತು

ನನ್ನ ಅತ್ತಿಗೆ ಇಪ್ಪತ್ತು ವರ್ಷದಿಂದ ಪಕ್ಷದ ವೇದಿಕೆ ಹತ್ತಿ ಭಾಷಣ ಮಾಡುತ್ತಿದ್ದಳು, ಒಂದನ್ನೂ ಮುಗಿಸಿದ್ದಿಲ್ಲ. ಹೀಗೆಂದ ಮಾತ್ರಕ್ಕೆ ಅವಳಿಗೆ ಮಾತು ಬಾರದು ಎಂದುಕೊಂಡೀರಿ ಜೋಕೆ! ಬೀದಿಯ ಮಕ್ಕಳೆಲ್ಲ ಅವಳನ್ನು ಮೈಕಮ್ಮ ಎಂದೇ ಕರೆಯುವುದು. ಮನೆಯ ಮುಂದಿನ ಕೋಣೆಯಲ್ಲಿ ಅವಳ ಇಸ್ತ್ರಿ ಅಂಗಡಿ. ಬಟ್ಟೆ ಕೊಡಲು ಬಂದವರು ಅವಳ ಮಾತು ಕೇಳುತ್ತಾ ನಿಂತು, ಇಸ್ತ್ರಿಯಾದ ಬಟ್ಟೆ ತೆಗೆದುಕೊಂಡೇ ಹೋಗುತ್ತಿದ್ದರು.

ಮುಗಿಸದಿರಲು ಕಾರಣ ಸಾಹೇಬರು. ಸಾಹೇಬರು ನಮ್ಮ ಕ್ಷೇತ್ರದ ಶಾಸಕರು, ಪಕ್ಷದ ದೊಡ್ಡ ತಲೆ. ಯಾವ ಸಭೆಗೂ ಹೊತ್ತಿಗೆ ಸರಿಯಾಗಿ ಬಂದವರಲ್ಲ. ಅವರು ಬರುವ ತನಕ ಜನ ಎದ್ದು ಹೋಗದಂತೆ ಹಿಡಿದಿಡುವುದು ಅತ್ತಿಗೆಯ ಕೆಲಸ. ಅವಳು ಮೈಕು ಹಿಡಿದು ನಲ್ಲಿ ನೀರಿನಿಂದ ಶುರು ಮಾಡಿ, ಆಸ್ಪತ್ರೆಗೆ ಹೋಗಿ, ಶಾಲೆಯ ಸೋರುವ ಸೂರಿಗೆ ಬಂದು, ನಡುವೆ ಗಂಡಂದಿರ ಮೇಲೆ ನಾಲ್ಕು ಮಾತು ಆಡಿ ಹೆಂಗಸರನ್ನು ನಗಿಸುವಳು. ಅಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ಸಾಹೇಬರ ಕಾರಿನ ಹಾರನ್ನು ಎರಡು ಸಲ ಕೂಗಬೇಕು. ಕೂಗಿತೋ, ಅತ್ತಿಗೆ ಎಲ್ಲಿದ್ದಳೋ ಅಲ್ಲಿಗೇ ನಿಂತಳು. ವಾಕ್ಯ ಅರ್ಧವಾಗಿರಲಿ, ಮಾತು ತುಟಿಯಲ್ಲೇ ಇರಲಿ, "ಸಾಹೇಬ್ರು ಬಂದ್ರು, ಜೋರಾಗಿ ಚಪ್ಪಾಳೆ!" ಎಂದು ಪಕ್ಕಕ್ಕೆ ಸರಿದುಬಿಡುವಳು.

ಇನ್ನೊಂದಿದೆ ಕೇಳಿ. ಸಾಹೇಬರು ಮೈಕು ತೆಗೆದುಕೊಂಡು, ಅದರ ಮೂತಿಯನ್ನು ಅಂಗೈಯಲ್ಲಿ ಮುಚ್ಚಿ, ಅವಳತ್ತ ಬಾಗಿ, "ಎಲ್ಲಿಗೆ ಬಂದಿತ್ತಮ್ಮ ಮಾತು?" ಎಂದು ಕೇಳುವರು. ಅವಳು ಒಂದೇ ಉಸಿರಿನಲ್ಲಿ ಅವರ ಕಿವಿಗೆ ಹೇಳುವಳು. ಅವರು ಅಲ್ಲಿಂದಲೇ ಎತ್ತಿಕೊಂಡು ಗುಡುಗುವರು. ಜನ, "ಅಬ್ಬಾ, ನಮ್ಮ ಬೀದಿಯ ಕಷ್ಟ ಎಲ್ಲ ಸಾಹೇಬ್ರ ನಾಲಿಗೆ ತುದೀಲೇ ಇದೆ ನೋಡು" ಎಂದು ತಲೆದೂಗುವರು. ಮಾಡಿದವರು ಯಾರೋ, ಮೆರೆಯುವವರು ಯಾರೋ! ನನಗೆ ಮೈಯೆಲ್ಲ ಉರಿಯುತ್ತಿತ್ತು. ಅತ್ತಿಗೆ ಮಾತ್ರ, "ಪಾಪ ಕಣೇ, ಮೂರು ಸಭೆ ಮುಗಿಸಿ ಬಂದಿರ್ತಾರೆ" ಎನ್ನುವಳು. ನಾಲ್ಕನೆಯದನ್ನು ನಡೆಸಿದ್ದು ನೀನಲ್ಲವಾ ಮಹರಾಯಿತಿ ಎಂದರೆ, ನನ್ನ ತಲೆಗೊಂದು ಮೊಟಕು.

ಆ ಹಾರನ್ನು ಅವಳ ಮೈಗೆ ಹೇಗೆ ಹತ್ತಿಬಿಟ್ಟಿತ್ತೆಂದರೆ, ಮನೆಯಲ್ಲೂ ಅಷ್ಟೇ. ನನ್ನ ಅಣ್ಣ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಗ್ರೀಸು ಹತ್ತಿದ ಕೈಯನ್ನು ಒಗೆದ ಟವೆಲಿಗೆ ಒರೆಸಿ ಸಿಕ್ಕಿಬೀಳುವುದು ಅವನ ದಿನದ ಪಾಡು. ಅತ್ತಿಗೆ ಬೈಗುಳ ಶುರು ಮಾಡಿ ಒಳ್ಳೆ ರಂಗಿಗೆ ಬರುವ ಹೊತ್ತಿಗೆ ಅಣ್ಣ ಬಾಯಲ್ಲೇ "ಪೊಂ ಪೊಂ" ಎನ್ನುವನು. ಅವಳು ಗಕ್ಕನೆ ನಿಲ್ಲುವಳು. ಆಮೇಲೆ ಅರಿವಾಗಿ, "ನಿಮ್ಮ ಮುಖಕ್ಕಿಷ್ಟು!" ಎಂದು ಟವೆಲನ್ನೇ ಬೀಸುವಳು. ನಾನು ಬಿದ್ದು ಬಿದ್ದು ನಗುವುದು.

ಹೀಗೇ ಇತ್ತು. ಈ ವರ್ಷ ಸಾಹೇಬರಿಗೆ ಸಂಸತ್ತಿಗೆ ಹೋಗುವ ಯೋಗ ಬಂತು, ಕ್ಷೇತ್ರ ಖಾಲಿಯಾಯಿತು. ಖಾಲಿಯಾದದ್ದೇ ತಡ, ಸಾಹೇಬರ ಅಳಿಯನ ಫೋಟೊ ಊರ ತುಂಬ ಕಂಬಗಳ ಮೇಲೆ ನಗತೊಡಗಿತು. ಆ ಹುಡುಗ ಕೆಟ್ಟವನೇನಲ್ಲ. ಒಂದು ದಿನವೂ ಪಕ್ಷದ ಕುರ್ಚಿ ಎತ್ತಿ ಹಾಕಿದವನಲ್ಲ, ಅಷ್ಟೇ. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಗುತ್ತದಂತಲ್ಲ!

ಅದೇ ವಾರ ಅತ್ತಿಗೆ ಇಸ್ತ್ರಿ ಮಾಡುತ್ತಾ ಮಾಡುತ್ತಾ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಅಣ್ಣನ ಕಡೆ ನೋಡದೆ, "ರೀ, ನಾನೂ ಟಿಕೆಟ್ ಕೇಳ್ತೀನಿ" ಎಂದಳು.

ಅಣ್ಣ ಟೀ ಲೋಟ ಕೆಳಗಿಟ್ಟ. "ಯಾವ ಊರಿಗೆ?"

"ಶಾಸನಸಭೆಗೆ."

ಅಣ್ಣ ನನ್ನನ್ನು ನೋಡಿದ. ನಾನು ಅವನನ್ನು ಗುರಾಯಿಸಿದೆ. ಏನಾದರೂ ಕೊಂಕು ಆಡಿ ನೋಡು ಎಂಬಂತೆ. ಅವನು ಲೋಟ ಎತ್ತಿಕೊಂಡು, "ಕೇಳು ಮತ್ತೆ. ನಾವು ಬೇಡ ಅಂದ್ರೆ ನೀನು ಬಿಡ್ತೀಯಾ" ಎಂದ. ಖಾಲಿ ಲೋಟವನ್ನೇ ಇನ್ನೊಮ್ಮೆ ಹೀರಿದ. ಹೆಮ್ಮೆಗೋ ಹೆದರಿಕೆಗೋ, ಆ ಮನುಷ್ಯನಿಗೇ ತಿಳಿದಿರಲಿಕ್ಕಿಲ್ಲ.

ಅವಳಿಗೆ ಕುರ್ಚಿಯ ಆಸೆ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಇತ್ತು. ಇರಬಾರದಾ? ಆದರೆ ಅದಕ್ಕಿಂತ ದೊಡ್ಡದು ಬಸ್ಸು. ನಾನು ಸಿದ್ಧ ಉಡುಪಿನ ಫ್ಯಾಕ್ಟರಿಯಲ್ಲಿ ಎರಡನೇ ಪಾಳಿಯ ಸೂಪರ್‌ವೈಸರ್. ನಮ್ಮ ಪಾಳಿ ರಾತ್ರಿ ಬಿಡುವ ಹೊತ್ತಿಗೆ ಬಸ್ಸಿಲ್ಲ. ನೂರಾರು ಹೆಂಗಸರು ಜೀವ ಕೈಯಲ್ಲಿ ಹಿಡಿದು, ಗುಂಪು ಕಟ್ಟಿಕೊಂಡು ಹೆದ್ದಾರಿ ಪಕ್ಕ ನಡೆದು ಬರುತ್ತೇವೆ. ಬಸ್ಸೇನೋ ಡಿಪೋದಲ್ಲಿ ನಿಂತಿದೆ, ಅಣ್ಣನೇ ಅದರ ಬ್ರೇಕು ನೋಡುವವನು. ಓಡಿಸಲು ರಾಜಧಾನಿಯಿಂದ ಒಪ್ಪಿಗೆ ಬೇಕಂತೆ. ಪ್ರತಿ ಚುನಾವಣೆಯಲ್ಲೂ ಅತ್ತಿಗೆ ಅದನ್ನು ಸಾಹೇಬರ ಕಿವಿಗೆ ಹೇಳಿದಳು, ಪ್ರತಿ ಸಲವೂ ಸಾಹೇಬರು ಮೇಜು ಕುಟ್ಟಿ ಗುಡುಗಿದರು, ಪ್ರತಿ ಸಲವೂ ಮರೆತರು. ಸುಳ್ಳುಗಾರರೇನಲ್ಲ ಅವರು. ತಮ್ಮದಲ್ಲದ ಮಾತು ಎಷ್ಟು ದಿನ ನೆನಪಿರುತ್ತದೆ ಹೇಳಿ.

ಈ ಸಲ ಪಕ್ಷದ ರಾಷ್ಟ್ರೀಯ ಕಚೇರಿಯವರು ಹೊಸ ಪದ್ಧತಿ ಮಾಡಿದ್ದರು. ಟಿಕೆಟ್ ಕೇಳುವವರು ಕ್ಷೇತ್ರದ ಸದಸ್ಯರ ಎದುರು ಮಾತಾಡಬೇಕು, ಸದಸ್ಯರು ಕೈ ಎತ್ತಬೇಕು, ಹೆಚ್ಚು ಕೈ ಎದ್ದವರ ಹೆಸರನ್ನು ಕಚೇರಿಯಿಂದ ಬಂದ ವೀಕ್ಷಕರು ಮೇಲಕ್ಕೆ ಕಳಿಸುವುದು. ವೀಕ್ಷಕರಾಗಿ ಬಂದವರು ಒಬ್ಬ ಹೆಂಗಸು. ಕಡ್ಡಿಯಂಥ ಮೈ, ದಪ್ಪ ಕನ್ನಡಕ, ನಗು ಎಂಬುದನ್ನು ಮನೆಯಲ್ಲೇ ಬಿಟ್ಟು ಬಂದಂತಿದ್ದರು. ನಾವೆಲ್ಲ ಅವರನ್ನು ಮೇಡಂ ಎಂದೆವು.

ಸಭೆ ಇದ್ದದ್ದು ಡಿಪೋ ಎದುರಿನ ಸಭಾಭವನದಲ್ಲಿ. ಕುರ್ಚಿ ಹಾಕಿದವರು ಮಹಿಳಾ ಘಟಕದವರು. ಹಾಕಿದ ಕುರ್ಚಿಯಲ್ಲಿ ಈ ಸಲ ಅವರೇ ಕೂತರು, ಅದೊಂದು ಸಮಾಧಾನ. ಅಳಿಯ ಮೊದಲು ಮಾತಾಡಿದ. ಕಾಗದ ನೋಡಿ ಓದಿದ, ಅಭಿವೃದ್ಧಿ ಅಭಿವೃದ್ಧಿ ಎಂದು ಹೇಳಿ, ಬೆವರು ಒರೆಸಿಕೊಂಡು ಕೂತ. ಸಾಹೇಬರು ಇನ್ನೂ ಬಂದಿರಲಿಲ್ಲ.

ಅತ್ತಿಗೆ ಎದ್ದಳು. ಏನು ಮಾತಾಡಿದಳು ಅಂತೀರಿ! ನಲ್ಲಿ, ಆಸ್ಪತ್ರೆ, ಶಾಲೆ, ಎಲ್ಲ ಬಂತು. ಬಸ್ಸಿನ ಮಾತು ಬಂದಾಗ, ಪಕ್ಷದ ಸದಸ್ಯರಾಗಿದ್ದ ನಮ್ಮ ಪಾಳಿಯ ಹೆಂಗಸರು ಮೂಗು ಒರೆಸಿಕೊಂಡರು. ಹಿಂದಿನ ಸಾಲಿನ ಗಂಡಸರು ಪಿಸುಗುಟ್ಟುವುದನ್ನು ಬಿಟ್ಟರು. ಮೇಡಂ ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಾಗಿದರು. ಅತ್ತಿಗೆ ಒಮ್ಮೆ ನೀರು ಕುಡಿದು, ಸೆರಗು ಸರಿಮಾಡಿಕೊಂಡು, "ಅದಕ್ಕೇ ನಾನು ನಿಮ್ಮ ಮುಂದೆ ನಿಂತು ಇವತ್ತು ಕೇಳ್ಕೊಳ್ಳೋದು ಏನಂದ್ರೆ…" ಎಂದಳು.

ಹಾರನ್ನು ಎರಡು ಸಲ ಕೂಗಿತು.

ಅಯ್ಯೋ ದೇವರೇ. ನಾನು ಕುರ್ಚಿಯಿಂದ ಅರ್ಧ ಎದ್ದೆ. ಬೇಡ ಅತ್ತಿಗೆ, ಬೇಡ, ಬೇಡ ಎಂದು ಒಳಗೊಳಗೇ ಕಿರುಚಿದೆ. ಏನು ಪ್ರಯೋಜನ? "ಸಾಹೇಬ್ರು ಬಂದ್ರು, ಜೋರಾಗಿ ಚಪ್ಪಾಳೆ!" ಎಂದು ಅವಳು ಪಕ್ಕಕ್ಕೆ ಸರಿದಾಗಿತ್ತು. ಭವನವೆಲ್ಲ ಚಪ್ಪಾಳೆ. ಅಣ್ಣ ಹಣೆ ಚಚ್ಚಿಕೊಂಡ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ನಾನು ಹಲ್ಲು ಕಡಿದೆ. ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ.

ಸಾಹೇಬರು ಏದುಸಿರು ಬಿಡುತ್ತಾ ವೇದಿಕೆ ಹತ್ತಿದರು. ಬೆಳಗಿನಿಂದ ಅದು ಅವರ ಮೂರನೆಯ ಸಭೆಯಂತೆ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ಮೈಕಿಗೆ. ಅವರಿಗೂ ಇಪ್ಪತ್ತು ವರ್ಷದ ರೂಢಿ ನೋಡಿ. ಮೈಕಿನ ಮೂತಿ ಮುಚ್ಚಿ, ಅತ್ತಿಗೆಯತ್ತ ಬಾಗಿದರು. ತುಟಿ ಅಲ್ಲಾಡಿದ್ದು ನನಗೆ ಕಾಣಿಸಿತು, ಕೇಳಿದ್ದೇನೆಂದು ಇಡೀ ಬೀದಿಗೇ ಬಾಯಿಪಾಠ. ಅತ್ತಿಗೆ ಅವರ ಕಿವಿಗೆ ಹೇಳಿದಳು. ಸಾಹೇಬರು ತಲೆಯಾಡಿಸಿ, ಎದೆ ಸೆಟೆಸಿ, ಮೇಜು ಕುಟ್ಟಿದರು.

"ಬಂಧುಗಳೇ! ಈ ಬೀದಿಗಳನ್ನ ಇಪ್ಪತ್ತು ವರ್ಷ ತುಳಿದ ಹೆಣ್ಣುಮಗಳಿಗೆ ಈ ಸಲ ಟಿಕೆಟ್ ಸಿಗಲೇಬೇಕು! ಸಿಗದೆ ಇದ್ರೆ ಅದು ನಮ್ಮ ಪಕ್ಷಕ್ಕೇ ನಾಚಿಕೆ!"

ಭವನ ಹಾರಿಹೋಗುವಂಥ ಚಪ್ಪಾಳೆ. ನಮ್ಮ ಪಾಳಿಯ ಹುಡುಗಿಯರು ಶಿಳ್ಳೆ ಹೊಡೆದರು. ಅಳಿಯನ ಮುಖ ಒದ್ದೆ ಬಟ್ಟೆಯ ಹಾಗೆ ಇಳಿಬಿತ್ತು. ಸಾಹೇಬರು ಖುಷಿಯಿಂದ ಕೈ ಬೀಸುತ್ತಿದ್ದವರು, ಅಳಿಯನನ್ನು ನೋಡಿ, ಬೀಸುವ ಕೈಯನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿದರು. ಪಾಪ, ತಾನೇನು ಹೇಳಿದೆ ಎಂಬುದು ಆಗ ಅವರ ಕಿವಿಗೆ ಬಿತ್ತು. "ಅಂದ್ರೆ… ನಾನು ಹೇಳಿದ್ದು… ಹೆಣ್ಣುಮಕ್ಕಳ ಆಶೀರ್ವಾದ ಇರೋ ಯುವಕರಿಗೆ…" ಎಂದು ತಡವರಿಸಿದರು. ಯಾರು ಕೇಳುತ್ತಾರೆ? ಎಲ್ಲರೂ ನಗುತ್ತಿದ್ದರು. ಎಷ್ಟೋ ವರ್ಷದಿಂದ ಅವರನ್ನು ಬೈದುಕೊಂಡು ಬಂದ ನನಗೇ ಆ ಮನುಷ್ಯನ ಮೇಲೆ ಅಯ್ಯೋ ಅನ್ನಿಸಿತು.

ನಗದಿದ್ದವರು ಮೇಡಂ ಒಬ್ಬರೇ. ಅವರು ಅತ್ತಿಗೆಯನ್ನು ಕೇಳಿದರು. "ನಿಮ್ಮ ಮಾತು ಮುಗೀತಾ?"

"ಸಾಹೇಬ್ರು ಹೇಳಿದ್ರಲ್ಲ ಮೇಡಂ, ಅಷ್ಟೇ."

"ಅವರು ಹೇಳಿದ್ದು ಕೇಳಿಸ್ತು. ನಾನು ಬಂದಿರೋದು ನಿಮ್ಮ ಮಾತು ಕೇಳೋಕೆ. ನೀವು ಶಾಸನಸಭೆಗೆ ಹೋದ್ರೆ ಪಕ್ಕದಲ್ಲಿ ಸಾಹೇಬ್ರು ಇರಲ್ಲ."

ಅತ್ತಿಗೆ ನೆಲ ನೋಡುತ್ತಾ ನಿಂತಳು. ಸಾವಿರಾರು ಜನರ ಮುಂದೆ ಬಾಯಿ ಬಿಟ್ಟವಳು, ಒಂದು ವಾಕ್ಯಕ್ಕೆ ಬೆವರುತ್ತಿದ್ದಳು. ಊರಿಗೆಲ್ಲ ಬೇಕಾದ್ದನ್ನು ಕೇಳಿದವಳಿಗೆ ತನಗೆಂದು ಕೇಳುವುದು ಗೊತ್ತಿರಲಿಲ್ಲ. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಫ್ಯಾಕ್ಟರಿಯ ಮಷಿನ್ನುಗಳ ಸದ್ದಿನ ಮೇಲೆ ಕೂಗುವ ನನ್ನ ಗಂಟಲಿನಲ್ಲಿ, "ಅತ್ತಿಗೇ! ಮೈಕು ಇಸ್ಕೋ!" ಎಂದು ಕಿರುಚಿದೆ.

ಅವಳು ಬೆಚ್ಚಿ ತಲೆ ಎತ್ತಿದಳು. ನನ್ನನ್ನು ನೋಡಿದಳು, ಅಣ್ಣನನ್ನು ನೋಡಿದಳು. ಆಮೇಲೆ ಸಾಹೇಬರ ಕಡೆ ಕೈ ಚಾಚಿದಳು. ಸಾಹೇಬರು ಮೈಕು ಬಿಡಲಿಲ್ಲ. ಹಟದಿಂದಲ್ಲ. ಆ ಕೈಗೆ ತೆಗೆದುಕೊಂಡು ಗೊತ್ತೇ ಹೊರತು ಕೊಟ್ಟು ಗೊತ್ತಿರಲಿಲ್ಲ.

"ಕೊಡಿ ಸಾಹೇಬ್ರೇ. ಸ್ವಲ್ಪ ಮಾತು ಉಳಿದಿದೆ" ಎಂದಳು ಅತ್ತಿಗೆ, ತವರಿನ ಅಣ್ಣನ ಹತ್ತಿರ ಮಾತಾಡುವಷ್ಟು ಮೆತ್ತಗೆ. ಅವರು ಕೊಟ್ಟರು.

"ಟಿಕೆಟ್ ನನಗೆ ಕೊಡಿ" ಎಂದಳು. ಧ್ವನಿ ಸಣ್ಣಗಿತ್ತು. ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ ಹೇಳಿದಳು, "ನನಗೆ ಕೊಡಿ. ಬಸ್ಸಿನ ವಿಷಯ ಇಪ್ಪತ್ತು ವರ್ಷ ಸಾಹೇಬ್ರ ಕಿವಿಗೆ ಹೇಳಿದೀನಿ. ಅವರ ಕಿವಿಯಿಂದ ಬಾಯಿಗೆ ಬಂತು, ಬಾಯಿಂದ ಮೈಕಿಗೆ ಬಂತು. ರಾಜಧಾನಿಗೆ ಮಾತ್ರ ಹೋಗ್ಲಿಲ್ಲ. ಅವರದು ತಪ್ಪು ಅನ್ನಲ್ಲ. ನಡೆದುಕೊಂಡು ಬರೋಳು ನನ್ನ ನಾದಿನಿ. ಅವಳು ಬಂದು ಬಾಗಿಲು ತಟ್ಟೋ ತನಕ ಎದ್ದು ಕೂತಿರೋಳು ನಾನು. ಅದನ್ನ ಅಲ್ಲಿ ನಿಂತು ನಾನೇ ಹೇಳ್ಬೇಕು. ಅದಕ್ಕೆ ಟಿಕೆಟ್ ಬೇಕು."

ಎದ್ದು ಕೂತಿರುತ್ತಾಳೆಂದು ನನಗೆ ಗೊತ್ತಿರಲಿಲ್ಲ. ನಾನು ಬಂದಾಗಲೆಲ್ಲ ನಿದ್ದೆಗಣ್ಣು ಉಜ್ಜುತ್ತಾ, "ಈಗ ಎಚ್ಚರ ಆಯ್ತು ಕಣೇ" ಎಂದೇ ಬಾಗಿಲು ತೆಗೆಯುತ್ತಿದ್ದಳು, ಕಳ್ಳಿ. ನಾನು ಕೂತಲ್ಲೇ ಗೋಳೋ ಎಂದು ಅತ್ತೆ.

ಅಲ್ಲಿಗೆ ಅವಳ ಮಾತು ಮುಗಿದಿತ್ತು, ಆದರೆ ಮುಗಿಸುವುದು ಹೇಗೆಂದು ಅವಳಿಗೆ ತಿಳಿಯದು. ಬಾಗಿಲ ಕಡೆ ನೋಡಿದಳು. ಯಾವ ಕಾರೂ ಬರಲಿಲ್ಲ. "ಮುಗೀತು. ಕೂತ್ಕೋತೀನಿ" ಎಂದು ಕೂತಳು.

ಮೇಡಂ ಮೊದಲು ಅಳಿಯನ ಹೆಸರು ಹೇಳಿ ಕೈ ಎತ್ತಿಸಿದರು. ಎಲ್ಲರಿಗಿಂತ ಮುಂಚೆ ಎದ್ದದ್ದು ಅಳಿಯನದೇ ಕೈ. ಸಾಹೇಬರೂ ಎತ್ತಿದರು. ಮಗಳ ಗಂಡ, ಎತ್ತದೆ ಏನು ಮಾಡುತ್ತಾರೆ? ಆಮೇಲೆ ಅತ್ತಿಗೆಯ ಹೆಸರು ಹೇಳಿದರು. ಮಹಿಳಾ ಘಟಕದ ಸಾಲುಗಳು ಎತ್ತಿದವು, ನಮ್ಮ ಪಾಳಿ ಎತ್ತಿತು, ಡಿಪೋದ ಗಂಡಸರು ಎತ್ತಿದರು. ಅಣ್ಣ ಎರಡೂ ಕೈ ಎತ್ತಿದ್ದ, ಮೇಡಂ ಬೆರಳು ತೋರಿಸಿ ಒಂದನ್ನು ಇಳಿಸಿದರು.

ನಮ್ಮ ಪುಣ್ಯಾತ್ಗಿತ್ತಿ ಎಲ್ಲಿ? ಎದ್ದು ಸಾಲು ಸಾಲಿಗೂ ಹೋಗಿ ಕೈ ಎಣಿಸುತ್ತಿದ್ದಾಳೆ! ಪ್ರತಿ ಸಭೆಯಲ್ಲೂ ಎಣಿಸಿದವಳು ಅವಳೇ ಅಲ್ಲವೇ?

"ಎಣಿಸೋದು ನನ್ನ ಕೆಲಸ, ನೀವು ಕೂತ್ಕೊಳ್ಳಿ" ಎಂದರು ಮೇಡಂ. "ನೀವೂ ಸದಸ್ಯರೇ ತಾನೇ? ನಿಮ್ಮ ಕೈ ಎಲ್ಲಿ?"

"ನನಗೆ ನಾನೇ ಹೇಗೆ ಎತ್ಕೊಳ್ಳಲಿ ಮೇಡಂ? ಚೆನ್ನಾಗಿರಲ್ಲ."

"ಅಳಿಯಂದ್ರು ತಮಗೇ ಎತ್ಕೊಂಡ್ರಲ್ಲೇ!" ಎಂದೆ ನಾನು, ಮೂಗು ಸೊರ್ರೆಂದು ಎಳೆಯುತ್ತಾ.

ಅತ್ತಿಗೆ ಅಳಿಯನ ಕಡೆ ನೋಡಿದಳು. ತನ್ನ ಬಲಗೈ ನೋಡಿಕೊಂಡಳು, ಇಸ್ತ್ರಿಪೆಟ್ಟಿಗೆ ಹಿಡಿದು ಹಿಡಿದು ಜಡ್ಡುಗಟ್ಟಿದ ಕೈ. ಅದು ಮೊದಲು ಭುಜದ ತನಕ ಬಂತು, ಅಲ್ಲಿ ಸ್ವಲ್ಪ ಹೊತ್ತು ನಿಂತಿತು, ಆಮೇಲೆ ಮೇಲಕ್ಕೆ ಹೋಯಿತು.

ಮೇಡಂ ಒಮ್ಮೆ ಎಣಿಸಿದರು, ಇನ್ನೊಮ್ಮೆ ಎಣಿಸಿದರು. ಮೇಲಕ್ಕೆ ಹೋಗುವ ಹೆಸರು ಅತ್ತಿಗೆಯದು ಎಂದರು. ಗೆಲ್ಲಲು ಆ ಒಂದು ಕೈ ಬೇಕಿರಲಿಲ್ಲವಂತೆ. ಲೆಕ್ಕಕ್ಕೆ ಬೇಕಿರಲಿಲ್ಲ, ನನಗೆ ಬೇಕಿತ್ತು. ಕುರ್ಚಿಗಳು ದಡಬಡ ಸರಿದವು, ಹುಡುಗಿಯರು ಕುಣಿದರು, ಸಾಹೇಬರೇ ಬಂದು, "ನನ್ನ ಬಾಯಿಂದಲೇ ಹೇಳಿಸಿಬಿಟ್ಟೆಯಲ್ಲಮ್ಮ" ಎಂದು ನಕ್ಕು, ಅವಳ ತಲೆ ಮುಟ್ಟಿ ಹೋದರು. ಎಲ್ಲರ ಕೈಗಳೂ ಇಳಿದಿದ್ದವು. ಅತ್ತಿಗೆಯದು ಮಾತ್ರ ಇನ್ನೂ ಮೇಲೇ ಇತ್ತು. ಕಣ್ಣಿಂದ ನೀರು ಸುರಿಯುತ್ತಿತ್ತು.

"ಆಯ್ತಮ್ಮ, ಇಳಿಸಿ ಕೈ" ಎಂದರು ಮೇಡಂ. ಆಗ ಅವರ ಮುಖದಲ್ಲೂ ನಗು ಕಾಣಿಸಿತು.

"ಇರಲಿ ಬಿಡಿ ಮೇಡಂ," ಎಂದೆ ನಾನು, "ಇನ್ನೂ ಸ್ವಲ್ಪ ಹೊತ್ತು ಇರಲಿ."