ಅಮರಮ್ಮನ ಬುಗುರಿ

೧೯೭೮ರ ಬೇಸಿಗೆ. ದೇವದುರ್ಗದಿಂದ ರಾಯಚೂರಿಗೆ ಹೊರಟಿದ್ದ ಬಸ್ಸು ಗಬ್ಬೂರು ದಾಟುತ್ತಲೇ ಕೆಟ್ಟು ನಿಂತಿತು. ಡ್ರೈವರ್ ಅಲ್ಲಾಬಕ್ಷ್ ರಿಪೇರಿಗಿಳಿದ. ಬೇವಿನ ನೆರಳಿನಲ್ಲಿ ಕುಳಿತ ಪ್ರಯಾಣಿಕರ ಗೊಣಗಾಟ ಕೇಳಿ ಕೇಳಿ ಅಮರಮ್ಮನಿಗೆ ಬೇಸರವಾಯಿತು. ಮೊಮ್ಮಗಳಿಗೆಂದು ಬಡಿಗೇರನಿಂದ ಮಾಡಿಸಿದ್ದ ಬುಗುರಿಯನ್ನು ಚೀಲದಿಂದ ತೆಗೆದು, ಚಾಟಿ ಸುತ್ತಿ ಬೀಸಿದಳು. ಅದು ಗುಂಯ್‌ಗುಟ್ಟುತ್ತ ತಿರುಗಿತು. ಚಿಕ್ಕಂದಿನಲ್ಲಿ ಅಣ್ಣಂದಿರನ್ನು ನೋಡಿ ಕಲಿತ ಆಟವನ್ನು ಕೈ ಮರೆತಿರಲಿಲ್ಲ.

"ಯವ್ವಾ, ನನಗೊಮ್ಮಿ ಕೊಡ್ರಿ," ಎಂದು ಕಂಡಕ್ಟರ್ ಇಸಿದುಕೊಂಡ. ಅವನು ಬೀಸಿದ ಬುಗುರಿ ಅಂಗಾತ ಬಿತ್ತು. ಎಲ್ಲರೂ ಬಿದ್ದು ಬಿದ್ದು ನಕ್ಕರು; ಆಮೇಲೆ ತಮಗೆ ಕೊಡಿ, ತಮಗೆ ಕೊಡಿ ಎಂದು ಮುಗಿಬಿದ್ದರು.

ಅಷ್ಟರಲ್ಲಿ ಎಂಜಿನ್ ಶುರುವಾಯಿತು. ಯಾರೂ ಕದಲಲಿಲ್ಲ.

"ಬಸ್ಸು ತಯಾರದ, ಬರ್ರಿ!" ಅಲ್ಲಾಬಕ್ಷ್ ಕೂಗಿದ.

"ನೀನೂ ಒಮ್ಮಿ ಆಡಿ ನೋಡಪಾ," ಎಂದಳು ಅಮರಮ್ಮ.

ಅವನು ಎಂಜಿನ್ ಬಂದ್ ಮಾಡಿ, ನಗುತ್ತ ಕೆಳಗಿಳಿದ.