ಬಿಸಿ ಬೇಡುವ ಜೀವಗಳು

ಡೈರಿಯಲ್ಲಿ ಮೂವತ್ತು ವರ್ಷ ಹಾಲಿನ ತೊಟ್ಟಿ ಕಾದ ಮಾವನಿಗೆ ಇದ್ದದ್ದು ಒಂದೇ ಭಯ. ತೊಟ್ಟಿ ಬೆಚ್ಚಗಾದರೆ ಹಾಲು ಕೆಟ್ಟಿತು. ನಿವೃತ್ತಿಯಾದರೂ ಆ ಭಯ ಅವರನ್ನು ಬಿಟ್ಟಿರಲಿಲ್ಲ.

ಸೊಸೆಯ ಶೆಡ್ಡಿನಲ್ಲಿದ್ದ ತೊಟ್ಟಿಯ ಕತೆ ಬೇರೆ. ಅದರಲ್ಲಿದ್ದದ್ದು ಬಿಸಿಯಲ್ಲೇ ಬೆಳೆಯುವ ಬ್ಯಾಕ್ಟೀರಿಯಾ. ಕರಿದು ಮಿಕ್ಕ ಎಣ್ಣೆ ತಿಂದು, ಮೈಯಲ್ಲಿ ಕೊಬ್ಬು ಕಟ್ಟಿದ ಹಾಗೆ ಅವು ಪ್ಲಾಸ್ಟಿಕ್ ಕಟ್ಟಿಕೊಳ್ಳುತ್ತಿದ್ದವು. ಮಣ್ಣಿಗೆ ಹಾಕಿದರೆ ಮಣ್ಣಾಗಿಬಿಡುವ ಪ್ಲಾಸ್ಟಿಕ್. ಹಬೆಯಾಡುವ ಗೊಬ್ಬರದ ರಾಶಿಯಿಂದ ಅವನ್ನು ಹೆಕ್ಕಿ ತಂದು ಸಾಕಿದವನು ಅವಳ ಗಂಡ. ಅವನು ತೀರಿಕೊಂಡು ಎಂಟು ತಿಂಗಳಾಗಿತ್ತು. ಅವನು ಕಾಪಿಟ್ಟ ಶೀಷೆಗಳಲ್ಲಿ ಉಳಿದಿದ್ದ ಕೊನೆಯದನ್ನು ಅವಳು ಈ ತೊಟ್ಟಿಗೆ ಬಿಟ್ಟಿದ್ದಳು. ಇವು ಸತ್ತರೆ ಬೇರೆ ಇರಲಿಲ್ಲ.

ಎಣ್ಣೆ ತರಲು ಪಕ್ಕದ ಊರಿಗೆ ಹೊರಟವಳು, "ಮಾವಾ, ನಾಳೆ ಬರ್ತೀನಿ, ತೊಟ್ಟಿ ನೋಡ್ಕೊಳ್ಳಿ" ಅಂದಳು. ಎಷ್ಟು ಬಿಸಿ ಇರಬೇಕೆಂದು ಹೇಳಲಿಲ್ಲ. ತೊಟ್ಟಿಯ ವಿಷಯ ಅವರಿಗೆ ಹೇಳಿಕೊಡುವುದೇ ಅಂದುಕೊಂಡಳು.

ಮರುದಿನ ಮಧ್ಯಾಹ್ನ ಬಾಗಿಲಲ್ಲೇ ಹುಳಿ ವಾಸನೆ ಮೂಗಿಗೆ ಹೊಡೆಯಿತು. ತೊಟ್ಟಿಯ ಉಷ್ಣಮಾಪಕದ ಮುಳ್ಳು ಮೂವತ್ತೆರಡು ಡಿಗ್ರಿಯಲ್ಲಿತ್ತು. ತೊಟ್ಟಿಯ ಹೊರಮೈ ಸುತ್ತ ಹರಿಯುವ ತಣ್ಣೀರಿನ ನಲ್ಲಿ ಪೂರ್ತಿ ತೆರೆದಿತ್ತು.

"ಐವತ್ತೈದಕ್ಕೆ ಏರಿಬಿಟ್ಟಿತ್ತಮ್ಮ, ಕೈ ಇಡೋಕಾಗ್ತಿರಲಿಲ್ಲ. ನೋಡು, ಹೇಗೆ ಇಳಿಸಿದೀನಿ."

ಅವಳ ಮುಖ ನೋಡಿ ಅವರ ದನಿ ಇಳಿಯಿತು. "ಯಾಕೆ, ಕೆಟ್ಟೋಯ್ತಾ?"

"ಅವಕ್ಕೆ ಐವತ್ತೈದೇ ಬೇಕಿತ್ತು, ಮಾವಾ. ತಣ್ಣಗಾದ್ರೆ ಸುಮ್ನಾಗಿಬಿಡ್ತವೆ. ಹೊರಗಿನ ಕ್ರಿಮಿಗಳು ನುಗ್ಗಿ ಅವುಗಳ ಊಟ ತಿಂತವೆ."

"ನನ್ನ ಮಗ ಸಾಕಿದ್ದನ್ನ ನಾನೇ..." ಅವರು ಖಾಲಿ ಡ್ರಮ್ಮಿನ ಮೇಲೆ ಕುಸಿದು ಕೂತರು.

ಅವಳು ನಲ್ಲಿ ಮುಚ್ಚಿದಳು. ಹೀಟರ್ ಹಾಕಿ ಅರವತ್ತೈದಕ್ಕೆ ತಿರುಗಿಸಿದಳು.

"ಇನ್ನೂ ಬೇಯಿಸ್ತೀಯಾ?"

"ನುಗ್ಗಿದವು ಇಷ್ಟು ಬಿಸಿ ತಡೆಯಲ್ಲ. ನಮ್ಮವು ಜೀವ ಹಿಡ್ಕೊಂಡಿದ್ರೆ ಅವಷ್ಟೇ ಉಳೀತವೆ."

"ಹಿಡ್ಕೊಂಡಿರದಿದ್ರೆ?"

"ಅಲ್ಲಿಗೆ ಮುಗೀತು."

ಮುಳ್ಳು ಏರುವುದನ್ನೇ ನೋಡುತ್ತ ಅವರು ಅಂದರು, "ಅವನೂ ಹೀಗೇ. ಟೀ ಒಂಚೂರು ಆರಿದ್ರೆ ಮುಟ್ತಿರಲಿಲ್ಲ."

ಅವಳಿಗೆ ನಗು ಬಂತು, ಕಣ್ಣೂ ತುಂಬಿತು.

ಸಂಜೆ ಅವಳು ಹೀಟರನ್ನು ಐವತ್ತೈದಕ್ಕೆ ಇಳಿಸಿ ಹೊಸ ಎಣ್ಣೆ ಹಾಕಿದಳು. ಮಾವ ತೊಟ್ಟಿಯ ಬಳಿಯಿಂದ ಕದಲಲಿಲ್ಲ. ತಟ್ಟೆಯನ್ನೂ ಅಲ್ಲಿಗೇ ತರಿಸಿಕೊಂಡರು. ಮೂರನೆಯ ದಿನ ಬೆಳಿಗ್ಗೆ ವಾಸನೆ ಹೋಗಿತ್ತು. ಅವಳು ಒಂದು ಹನಿಯನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದಳು. ಆಮೇಲೆ ಪಕ್ಕಕ್ಕೆ ಸರಿದು ಕುರ್ಚಿ ಕೊಟ್ಟಳು.

ಮಾವ ಬಗ್ಗಿ ನೋಡಿದರು. ಸಣ್ಣ ಕಡ್ಡಿಯಂಥವು, ಅಲ್ಲೊಂದು ಇಲ್ಲೊಂದು. ಕೆಲವುಗಳೊಳಗೆ ಹೊಳೆಯುವ ಪ್ಲಾಸ್ಟಿಕ್ ಕಾಳು.

"ತುಂಬಾ ಕಮ್ಮಿ ಇದಾವೆ."

"ಬೆಳೀತವೆ. ಎಷ್ಟರಲ್ಲಿಡಬೇಕು ಅಂತ ಹೇಳ್ದೆ ಹೋಗಿದ್ದು ನನ್ನದೇ ತಪ್ಪು, ಮಾವಾ. ಐವತ್ತೈದು."

"ಇನ್ನೊಂದ್ಸಲ ಹೇಳು" ಅಂದರು ಅವರು, ಕಣ್ಣು ತೆಗೆಯದೆ.