ಅಕ್ಕನ ಕಿಡ್ನಿ

"ವಯಸ್ಸಾದಷ್ಟೂ ಈ ಗಡ್ಡೆ ಮತ್ತೆ ಬರೋದು ಜಾಸ್ತಿ, ಆದ್ರೆ ನಿಮ್ಮ ವಯಸ್ಸು ಇಳಿಸೋಕೆ ನನ್ನ ಕೈಲಾಗಲ್ಲ. ಗಡ್ಡೆ ಕುತ್ತಿಗೆಯ ಗ್ರಂಥಿಗೆ ಹಬ್ಬಿದ್ದನ್ನ ಇಲ್ಲ ಅನ್ನೋಕೂ ಆಗಲ್ಲ. ಅದು ಮತ್ತೆ ಬರದ ಹಾಗೆ ನೋಡ್ಕೊಳ್ಳೋಕೆ ನಮ್ಮ ಕೈಯಲ್ಲಿರೋದು ಈ ಮಾತ್ರೆ ಕಮ್ಮಿ ಮಾಡೋದೊಂದೇ. ಎರಡಿದ್ದದ್ದನ್ನ ಒಂದು ಮಾಡಿ ಅಂತ ಹೇಳಿ ಎರಡು ತಿಂಗಳಾಯ್ತು. ರಕ್ತದಲ್ಲಿ ನೋಡಿದ್ರೆ ಮಾತ್ರೆ ಅಂಶ ಒಂಚೂರೂ ಇಳಿದಿಲ್ಲವಲ್ಲ?"

ಡಾಕ್ಟರಮ್ಮ ರಿಪೋರ್ಟನ್ನು ಮೇಜಿನ ಮೇಲೆ ಅಕ್ಕ-ತಮ್ಮನ ಕಡೆಗೆ ತಿರುಗಿಸಿಟ್ಟರು. ತಮ್ಮ ಅದನ್ನು ನೋಡಲಿಲ್ಲ. ಕೆನ್ನೆಯ ಹೊಲಿಗೆ ಗುರುತನ್ನು ಸವರಿಕೊಂಡ. ಅಕ್ಕ ತಮ್ಮನನ್ನು ನೋಡಿದಳು. ಈ ಎರಡು ತಿಂಗಳೂ ದಿನಾ ಬೆಳಿಗ್ಗೆ, ತನ್ನ ಇಸ್ತ್ರಿ ಅಂಗಡಿಯಲ್ಲಿ ಪೆಟ್ಟಿಗೆ ಕಾಯುವಷ್ಟರಲ್ಲಿ, ಅವಳು ಫೋನ್ ಮಾಡಿ ಕೇಳಿದ್ದಳು. ದಿನಾ "ಒಂದೇ ನುಂಗಿದೆ, ಅಕ್ಕಾ" ಅಂದಿದ್ದ, ಮಹಾನುಭಾವ.

ಹೊರಗೆ ಬಂದು ಔಷಧಿ ಕೌಂಟರಿನ ಮುಂದಿನ ಬೆಂಚಿನಲ್ಲಿ ಕೂತ ಮೇಲೂ ಅವಳಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬರುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕಲ್ಲ. ಒಂಬತ್ತು ವರ್ಷದ ಹಿಂದೆ ತನ್ನದೊಂದು ಕಿಡ್ನಿ ಕೊಟ್ಟು ಇವನನ್ನು ಉಳಿಸಿಕೊಂಡಿದ್ದಳು. ಕೊಟ್ಟ ಕಿಡ್ನಿಯನ್ನು ಇವನ ಮೈ ಹೊರಗೆ ತಳ್ಳದಿರಲೆಂದು, ಮೈಯ ಕಾವಲನ್ನೇ ಮಲಗಿಸಿಡುವ ಮಾತ್ರೆ ಅದು. ಕಾವಲು ಮಲಗಿದ್ದಾಗಲೇ, ಏಣಿ ಹತ್ತಿ ಬಿಸಿಲಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದವನ ಕೆನ್ನೆಯಲ್ಲಿ, ಲಕ್ಷಕ್ಕೊಬ್ಬರಿಗೂ ಬಾರದ ಈ ಚರ್ಮದ ಕ್ಯಾನ್ಸರ್ ಎದ್ದಿತ್ತು. ಕೊಯ್ಸಿದ್ದಾಯಿತು, ರೇಡಿಯೇಷನ್ ಕೊಡಿಸಿದ್ದಾಯಿತು. ಇನ್ನು ಉಳಿದದ್ದು ಆ ಕಾವಲನ್ನು ಅರ್ಧವಾದರೂ ಎಬ್ಬಿಸುವುದು.

"ಯಾಕೋ ಸುಳ್ಳು ಹೇಳ್ದೆ?"

"ಮಾತ್ರೆ ಕಮ್ಮಿ ಮಾಡಿ ಕಿಡ್ನಿ ಕೆಟ್ಟೋದ್ರೆ?"

"ಕೆಟ್ರೆ ಡಯಾಲಿಸಿಸ್ ಮಾಡಿಸೋಣ. ಕಿಡ್ನಿ ಡಾಕ್ಟ್ರೂ ಒಪ್ಪಿದ್ದಾರಲ್ಲ."

"ನೀನು ಹೊಟ್ಟೆ ಕೊಯ್ಸಿಕೊಂಡು ಕೊಟ್ಟಿದ್ದು ಅದು. ನನ್ನದೇ ಆಗಿದ್ರೆ ತಲೆ ಕೆಡಿಸ್ಕೊಳ್ತಿರ್ಲಿಲ್ಲ."

"ಓಹೋ, ಬಾಡಿಗೆಗೆ ಇಟ್ಕೊಂಡಿದೀಯಾ? ನಾನು ಕೊಟ್ಟಿದ್ದು ನೀನಿರ್ಲಿ ಅಂತ ಕಣೋ. ಅದೊಂದು ಚೆನ್ನಾಗಿದ್ದು ನೀನೇ ಹೋದ್ರೆ, ನಾನೇನು ಅದನ್ನ ಷೋಕೇಸಲ್ಲಿ ಇಡ್ಲಾ?"

ಎದುರು ಕೂತಿದ್ದ ಮುದುಕರೊಬ್ಬರು ಪೇಪರು ಇಳಿಸಿ ನೋಡಿದರು. ತಮ್ಮನಿಗೆ ನಗು ಬಂತು. ಹೊಲಿಗೆ ಜಗ್ಗಿ ಬಾಯಿ ಒಂದೇ ಕಡೆ ಅರಳಿತು.

"ಕೆಟ್ರೆ ಬಯ್ಯಬಾರದು ಮತ್ತೆ."

"ಬಯ್ತೀನಿ. ಬೈಸ್ಕೊಳ್ಳೋಕೆ ನೀನಿರ್ತೀಯಲ್ಲ, ಅಷ್ಟು ಸಾಕು ನಂಗೆ."

ಅವನು ಜೇಬಿನಿಂದ ಮಾತ್ರೆ ಶೀಟು ತೆಗೆದ. ಬೆಳಗಿನದು ಇನ್ನೂ ಬಾಕಿಯಿತ್ತು. ಒಂದನ್ನು ಒತ್ತಿ ಅಂಗೈಗೆ ಬೀಳಿಸಿದ. ಹೆಬ್ಬೆರಳು ತಾನಾಗಿ ಎರಡನೆಯದರ ಮೇಲೆ ಹೋಗಿ ಕೂತಿತು. ಅವನು ಅದನ್ನು ಒತ್ತದೆ ಶೀಟನ್ನು ಅವಳ ಮಡಿಲಿಗೆ ಹಾಕಿದ. ಅವಳು ಚೀಲದಲ್ಲಿ ನೀರಿನ ಬಾಟಲಿ ಹುಡುಕುವಷ್ಟರಲ್ಲಿ, ಅಂಗೈಯಲ್ಲಿದ್ದ ಒಂದನ್ನು ಒಣಗಂಟಲಲ್ಲೇ ನುಂಗಿಬಿಟ್ಟ.